ಕ್ಯಾಂಟೀನ್ ಒತ್ತಿದರೆ ಗೇಟು

ಸ್ವಿಚ್ಚುಗಳ ವಿಷಯದಲ್ಲಿ ನಾನು ಬಹಳ ಸಹನೆಯುಳ್ಳ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಕೂಗಾಡುವುದನ್ನು ಓದಿ ನೀವು ನನ್ನನ್ನು ಜಗಳಗಂಟನೆಂದು ತಿಳಿಯಬಾರದು. ನಮ್ಮ ಕಡೆಯ ಯಾವ ಮನೆಗಾದರೂ ಹೋಗಿ, ನಡುಮನೆಯ ಗೋಡೆಯ ಮೇಲೆ ಒಂದು ಸ್ವಿಚ್ ಬೋರ್ಡು ಇರುತ್ತದೆ. ಅದರಲ್ಲಿ ಯಾವುದು ಫ್ಯಾನಿನದು, ಯಾವುದು ದೀಪದ್ದು ಎಂಬುದು ಆ ಮನೆಯವರಿಗೆ ಮಾತ್ರ ತಿಳಿದ ವಿಷಯ. ಮದುವೆಯಾದ ಹೊಸತರಲ್ಲಿ ನಂದಗುಡಿಯ ನನ್ನ ಮಾವನ ಮನೆಯಲ್ಲಿ ಫ್ಯಾನು ಹಾಕಲು ಹೋಗಿ ಹಿತ್ತಲಿನ ನೀರಿನ ಪಂಪು ಹಾಕಿಬಿಟ್ಟೆ. ಅಲ್ಲಿ ಪೈಪಿನ ಬಾಯಿಗೆ ಎದುರಾಗಿ ಕೂತು ಪಾತ್ರೆ ತೊಳೆಯುತ್ತಿದ್ದ ಅತ್ತೆ ನೆತ್ತಿಯಿಂದ ಕಾಲಿನವರೆಗೆ ತೊಯ್ದುಹೋದರು. ಒಳಗೆ ಬಂದವರು ಸೆರಗು ಹಿಂಡಿಕೊಳ್ಳುತ್ತಾ, "ಅಳಿಯಂದ್ರು ಫ್ಯಾನ್ ಹಾಕ್ಕೊಳ್ಳಕ್ಕೆ ಹೋದ್ರೇನೋ, ಅದು ಕೊನೇದು ಕಣಪ್ಪಾ" ಎಂದರು. ಅಷ್ಟೇ. ನನಗೂ ಸಿಟ್ಟು ಬರಲಿಲ್ಲ, ಅವರಿಗೂ ಬರಲಿಲ್ಲ. ಆ ಬೋರ್ಡು ಯಾರಿಗೂ ಸುಳ್ಳು ಹೇಳಿರಲಿಲ್ಲ. ಅದರ ಮೇಲೆ ಏನನ್ನೂ ಬರೆದೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಬರೆದು ಮೋಸ ಮಾಡುವವರ ಮೇಲೆ. ಚಿತ್ರ ಬಿಡಿಸಿ, ಬಣ್ಣ ತುಂಬಿ, ಕೆಳಗೆ 'ಕ್ಯಾಂಟೀನ್' ಎಂದು ದೊಡ್ಡದಾಗಿ ಹೆಸರು ಹಾಕಿ, ನಾವು ನಂಬಿ ಅದರ ಮೇಲೆ ಒತ್ತಿದರೆ ಕಾರ್ಖಾನೆಯ ಗೇಟಿನ ಯಂತ್ರವನ್ನು ಆರಿಸುವವರ ಮೇಲೆ.

ಬಾಶೆಟ್ಟಿಹಳ್ಳಿಯಲ್ಲಿ ಬಾಟಲಿಗಳಿಗೆ ಮುಚ್ಚಳ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ಮುಚ್ಚಳ ಮಾಡುವವನು ನಾನಲ್ಲ. ಕಂಪ್ಯೂಟರು, ಫೋನು, ಕ್ಯಾಮೆರಾ, ಹಾಜರಿಗೆಂದು ಹೆಬ್ಬೆಟ್ಟು ಒತ್ತುವ ಯಂತ್ರ, ಇವೆಲ್ಲ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೆಂದು ಗೋಡೆಗುಂಟ ಕೇಬಲ್ಲು ಎಳೆದಿರುತ್ತಾರಲ್ಲ, ಆ ಕೇಬಲ್ಲುಗಳನ್ನು ನೋಡಿಕೊಳ್ಳುವವನು ನಾನು. ಪ್ರತಿಯೊಂದು ವಿಭಾಗದಲ್ಲೂ ಕೇಬಲ್ಲುಗಳೆಲ್ಲ ಬಂದು ಸೇರುವ ಒಂದು ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆ ಮುನಿಸಿಕೊಂಡರೆ ಇಡೀ ವಿಭಾಗ ಸುಮ್ಮನಾಗುತ್ತದೆ. ಆಗ ಅದನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಬೇಕು. ನನ್ನ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ. ಹೊರಗಿನವರಿಗೆ ಇದನ್ನು ಹೇಳುವುದಿಲ್ಲ. ನಮ್ಮ ಬೂದಿಗೆರೆಯ ನೆಂಟರಲ್ಲಿ ನಾನು 'ನೆಟ್‌ವರ್ಕ್ ಎಂಜಿನಿಯರ್' ಎಂದೇ ಪ್ರಸಿದ್ಧ. ಯಾರದೇ ಮೊಬೈಲಿಗೆ ಸಿಗ್ನಲ್ ಸಿಗದಿದ್ದರೂ ನನ್ನ ಮುಖ ನೋಡುತ್ತಾರೆ.

ಮೊದಲು ಈ ಪೆಟ್ಟಿಗೆಗಳ ನಕ್ಷೆಯನ್ನು ನಾನೇ ಕೈಯಾರೆ ಬರೆದಿದ್ದೆ. ಚಾರ್ಟ್ ಪೇಪರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ, ಆಫೀಸಿಗೆ ನೀಲಿ, ಮಿಷನ್ನುಗಳಿಗೆ ಕೆಂಪು, ಕ್ಯಾಂಟೀನಿಗೆ ಹಸಿರು. ಪಕ್ಕದಲ್ಲಿ ಜಾಗ ಉಳಿದಿದ್ದರಿಂದ ಒಂದು ಹೂವಿನ ಬಳ್ಳಿಯನ್ನೂ ಬಿಡಿಸಿದ್ದೆ. ಯಾವುದಾದರೂ ಪೆಟ್ಟಿಗೆ ಕೆಟ್ಟರೆ ಆ ನಕ್ಷೆ ನೋಡಿಕೊಂಡು, ಅಲ್ಲಿಯವರೆಗೆ ನಡೆದುಹೋಗಿ, ಕೈಯಿಂದ ಆರಿಸಿ ಹಚ್ಚಿ ಬರುತ್ತಿದ್ದೆ. ಹೋಗುವಾಗ ಒಂದು ಕಾಫಿ, ಬರುವಾಗ ಒಂದು ಕಾಫಿ. ವಿಮಾನ ನಿಲ್ದಾಣ ಬಂದಮೇಲೆ ನಮ್ಮ ಸುತ್ತಮುತ್ತ ಎಲ್ಲರಿಗೂ ಅವಸರ ಬಂತು. ನಮ್ಮ ದೊಡ್ಡ ಸಾಹೇಬರು, ಅಂದರೆ ಕಾರ್ಖಾನೆಯ ಮಾಲೀಕರು, ವಿಮಾನದಲ್ಲಿ ಎಲ್ಲಿಗೋ ಹೋಗಿ ಅಲ್ಲಿ ಎಂಥದನ್ನೋ ನೋಡಿಕೊಂಡು ಬಂದರು. ಬಂದವರೇ ನನ್ನ ಚಾರ್ಟನ್ನು ನೋಡಿ, "ಏನ್ರೀ ನಾಗರಾಜ್ ಇದು, ಸ್ಕೂಲ್ ಹುಡುಗರು ಬರೆದಿರೋ ಥರ ಇದೆ?" ಎಂದರು. ಬೆಂಗಳೂರಿನ ಒಂದು ಕಂಪನಿಯಿಂದ ತಾನಾಗಿ ನಕ್ಷೆ ಬರೆದುಕೊಳ್ಳುವ ಸಾಫ್ಟ್‌ವೇರು ಬಂತು. ನನ್ನ ಚಾರ್ಟು ಮನೆಗೆ ಹೋಯಿತು. ಪುಷ್ಪ, ಅಂದರೆ ನನ್ನ ಹೆಂಡತಿ, ಅದನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿದಳು. ಈಗಲೂ ಸಾರಿನ ಪುಡಿ ಡಬ್ಬ ಎತ್ತಿದರೆ ಕೆಳಗೆ ನನ್ನ ಬಳ್ಳಿ ಕಾಣುತ್ತದೆ.

ಹೊಸ ನಕ್ಷೆ ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಲ್ಲಿ ಹೊಸ ಕ್ಯಾಮೆರಾ ಸಿಕ್ಕಿಸಿದರೂ ತಾನೇ ಕಂಡುಹಿಡಿದು, ತಾನೇ ಚಿತ್ರ ಬಿಡಿಸಿ, ಗೆರೆ ಎಳೆದು, ಹೆಸರು ಬರೆದುಕೊಳ್ಳುತ್ತಿತ್ತು. ಎಲ್ಲಕ್ಕಿಂತ ಮೇಲೆ ಎಡಮೂಲೆಯಲ್ಲಿ ದೊಡ್ಡ ಸಾಹೇಬರ ಕೋಣೆ. ಅದರ ಕೆಳಗೆ ಅಕೌಂಟ್ಸ್. ಹಾಗೇ ಓರೆಯಾಗಿ ಬಲಕ್ಕೆ ಇಳಿಯುತ್ತಾ ಬಂದರೆ ಒಂದನೇ ಮಿಷನ್, ಆಮೇಲೆ ಕ್ಯಾಂಟೀನ್, ಕಟ್ಟಕಡೆಗೆ ಬಲಮೂಲೆಯಲ್ಲಿ ಮುಖ್ಯ ಗೇಟು. ಇನ್ನು ನಾನು ಬಿಸಿಲಿನಲ್ಲಿ ನಡೆಯಬೇಕಾಗಿಲ್ಲ. ಕೂತಲ್ಲಿಂದಲೇ ಚಿತ್ರದ ಮೇಲೆ ಮೌಸ್ ಇಟ್ಟು ಒತ್ತಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ, ಅದರಲ್ಲಿ 'ಮರುಚಾಲನೆ' ಎಂದಿರುತ್ತದೆ, ಅದನ್ನು ಒತ್ತಿದರೆ ಆ ಪೆಟ್ಟಿಗೆ ಆರಿ ಹತ್ತಿಕೊಳ್ಳುತ್ತದೆ. ಆ ಸಣ್ಣ ಕಿಟಕಿಯಲ್ಲಿ ಪೆಟ್ಟಿಗೆಯ ಹೆಸರಾದರೂ ಇದ್ದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಹೆಸರಿಲ್ಲ. ಚುಕ್ಕಿ ಇಟ್ಟು ಬರೆದ ಉದ್ದನೆಯ ಅಂಕಿ ಒಂದೇ ಇರುತ್ತದೆ. ನನಗೆ ನನ್ನ ಮದುವೆಯ ತಾರೀಖೇ ನೆನಪಿರುವುದಿಲ್ಲ, ಆ ಅಂಕಿಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒಂದು ಬೆಳಿಗ್ಗೆ ಕ್ಯಾಂಟೀನಿನಿಂದ ಫೋನು ಬಂತು. ತಿಂಡಿಯ ಟೋಕನ್ ಕೊಡುವ ಯಂತ್ರ ನಿಂತುಹೋಗಿದೆ, ಉಪ್ಪಿಟ್ಟು ಆರುತ್ತಿದೆ ಎಂದರು. ನಾನು ಹೊಸ ಹುಮ್ಮಸ್ಸಿನಲ್ಲಿ ನಕ್ಷೆ ತೆರೆದೆ. ಹಸಿರು ಬಣ್ಣದ ಕ್ಯಾಂಟೀನಿನ ಚಿತ್ರದ ಮೇಲೆ, ನಟ್ಟನಡುವೆ, ಮೌಸ್ ಇಟ್ಟು ಒತ್ತಿದೆ. ಕಿಟಕಿ ತೆರೆಯಿತು, ಮರುಚಾಲನೆ ಒತ್ತಿದೆ, ಬೆನ್ನು ಕುರ್ಚಿಗೆ ಆನಿಸಿದೆ. ಕ್ಯಾಂಟೀನಿನ ಯಂತ್ರ ಏಳಲಿಲ್ಲ. ಅದರ ಬದಲು ಗೇಟಿನ ಕಡೆಯಿಂದ ಗಲಾಟೆ ಕೇಳಿಸಿತು. ಮೊದಲನೇ ಪಾಳಿಯ ಬಸ್ಸುಗಳು ಬಂದು ನಿಂತಿದ್ದವು, ಬೈಕುಗಳು ಸಾಲುಗಟ್ಟಿದ್ದವು, ಹೆಬ್ಬೆಟ್ಟು ಒತ್ತುವ ಯಂತ್ರ ಮಾತ್ರ ಕಣ್ಣು ಮುಚ್ಚಿಕೊಂಡಿತ್ತು. ಜನ ಒತ್ತಿ ಒತ್ತಿ ಬೇಸತ್ತರು. ಕೊನೆಗೆ ಸೆಕ್ಯುರಿಟಿಯವನು, "ಹೋಗ್ರಪ್ಪಾ ಹೋಗಿ, ಆಮೇಲ್ ಬಂದ್ ಒತ್ತುವ್ರಂತೆ" ಎಂದು ಪಕ್ಕದ ಸಣ್ಣ ಬಾಗಿಲು ತೆಗೆದುಬಿಟ್ಟ. ಎಲ್ಲರೂ ಒಳಗೆ ಹೋದರು. ಆಮೇಲೆ ಬಂದು ಒತ್ತಿದವರಿಗೆ ತಡ ಎಂದು ಬಿತ್ತು, ಒತ್ತದೇ ಉಳಿದವರಿಗೆ ಗೈರು ಎಂದು ಬಿತ್ತು.

ಬಹಳ ಜನ ಬೈದುಕೊಂಡು, ರಜೆಗೆ ಹೊಂದಿಸಿಕೊಂಡು ಸುಮ್ಮನಾದರು. ಸುಮ್ಮನಾಗಲು ಸಾಧ್ಯವಿಲ್ಲದವರು ಒಬ್ಬರಿದ್ದರು. ಜಯಮ್ಮ. ಒಂದನೇ ಮಿಷನ್ನಿನ ಮುಂದೆ ನಿಂತು ಸೊಟ್ಟ ಮುಚ್ಚಳಗಳನ್ನು ಆರಿಸಿ ತೆಗೆಯುವವರು. ಇಲ್ಲಿ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಆಯುಧಪೂಜೆಯ ದಿನ ಎಲ್ಲ ಮಿಷನ್ನುಗಳನ್ನೂ ನಿಲ್ಲಿಸಿ, ತೊಳೆದು, ಬಾಳೆಕಂದು ಕಟ್ಟಿ ಪೂಜೆ ಮಾಡುತ್ತೇವೆ. ಪೂಜೆಯಾದಮೇಲೆ ಒಂದನೇ ಮಿಷನ್ನಿನ ಹಸಿರು ಗುಂಡಿ ಒತ್ತಿ ಅದನ್ನು ಮತ್ತೆ ಓಡಿಸುವ ಗೌರವ ದೊಡ್ಡ ಸಾಹೇಬರದಲ್ಲ, ಮ್ಯಾನೇಜರದೂ ಅಲ್ಲ. ಹಿಂದಿನ ಪೂಜೆಯಿಂದ ಈ ಪೂಜೆಯವರೆಗೆ ಒಂದು ದಿನವೂ ತಪ್ಪದೆ ಬಂದವರದು. ಹಿರಿಯ ಸಾಹೇಬರು, ಅಂದರೆ ಈಗಿನವರ ತಂದೆ, ಮಾಡಿಟ್ಟು ಹೋದ ಪದ್ಧತಿ ಇದು. ಹಾಗೆ ಗುಂಡಿ ಒತ್ತಿದವರ ಫೋಟೋ ಕ್ಯಾಂಟೀನಿನ ಗೋಡೆಯ ಮೇಲೆ ಸಾಲಾಗಿದೆ. ಆ ಸಾಲಿನಲ್ಲಿ ಇಲ್ಲಿಯವರೆಗೆ ಒಬ್ಬ ಹೆಂಗಸೂ ಇಲ್ಲ. ಹೆಂಗಸರು ಬರುವುದಿಲ್ಲವೆಂದಲ್ಲ, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ರಜೆ ಹಾಕುವವರು ಅವರೇ ತಾನೆ? ಜಯಮ್ಮ ಈ ಸಲ ಹಟ ತೊಟ್ಟು ಬಂದಿದ್ದರು.

ಅವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ನಾಗರಾಜಣ್ಣ, ನಾನು ತವರುಮನೆ ಗೃಹಪ್ರವೇಶ ಬಿಟ್ಟು ಬಂದಿದ್ದೀನಿ. ಕಾಲು ಊದ್ಕೊಂಡಿದ್ರೂ ಬಂದಿದ್ದೀನಿ. ಅವತ್ತು ಮಿಷನ್ ಶುರುವಾಗ್ಬಿಡುತ್ತಲ್ಲಾ ಅಂತ ಓಡೋಗಿ ನಿಂತ್ಕೊಂಡೆ, ಒತ್ತಕ್ಕೆ ವಾಪಸ್ ಬರ್ಲಿಲ್ಲ. ದಿನವೆಲ್ಲಾ ಮುಚ್ಚಳ ಆರಿಸಿದ್ದೀನಿ. ಆ ಗೋಡೆ ಮೇಲಿನ ಡಬ್ಬ ನೋಡ್ಲಿಲ್ಲ ಅಂದ್ರೆ ನಾನು ಬಂದೇ ಇಲ್ಲ ಅಂತಾನಾ?" "ಅಕ್ಕಾ, ನಾನು ಕ್ಯಾಂಟೀನ್ ಮೇಲೇ ಒತ್ತಿದ್ದು" ಎಂದೆ. ಅವರು, "ಮತ್ತೆ ಗೇಟು ಯಾಕ್ ಕೆಡ್ತು?" ಎಂದು ಕೇಳಿದರು. ಅದು ಜಗತ್ತಿನಲ್ಲೇ ಅತ್ಯಂತ ನ್ಯಾಯವಾದ ಪ್ರಶ್ನೆಯಾಗಿತ್ತು.

ಹಾಜರಿ ಸರಿಪಡಿಸಬೇಕಾದವರು ಎಚ್.ಆರ್. ವಿಭಾಗದ ಶ್ರೀಧರ್. ನಿಯಮವೇ ಉಸಿರು ಎನ್ನುವ ಮನುಷ್ಯ. "ಯಂತ್ರ ಕೆಟ್ಟಿದ್ರೆ ಹಾಜರಿ ಕೊಡ್ಬಹುದು ನಾಗರಾಜ್. ಆದ್ರೆ ಯಂತ್ರ ಕೆಟ್ಟಿಲ್ಲ, ನೀವೇ ಆರಿಸಿದ್ದೀರ. ನೋಡಿ, ನಿಮ್ಮ ಹೆಸರೇ ಇದೆ" ಎಂದು ಕಂಪ್ಯೂಟರು ತಿರುಗಿಸಿ ತೋರಿಸಿದರು. ನಿಜ. ಅದರಲ್ಲಿ ನನ್ನ ಹೆಸರು, ಪಕ್ಕದಲ್ಲಿ 'ಮುಖ್ಯ ಗೇಟು, ಮರುಚಾಲನೆ'. ಚಿತ್ರ ಸುಳ್ಳು ಹೇಳುತ್ತದೆ ಎಂದೆ. "ಚಿತ್ರ ಹೇಗ್ರೀ ಸುಳ್ಳು ಹೇಳುತ್ತೆ? ಅದನ್ನ ಕಂಪ್ಯೂಟರ್ ಬರೆದಿದೆ. ನಿಮ್ಮ ಥರ ಕೈಯಲ್ಲಿ ಬರೆದಿಲ್ಲ" ಎಂದರು. ನನ್ನ ಬಳ್ಳಿಯನ್ನು ಯಾರೋ ಕಾಲಿನಿಂದ ತುಳಿದ ಹಾಗಾಯಿತು. ಆ ದಿನದಿಂದ ನಾನು ಆ ನಕ್ಷೆಯ ಮೇಲೆ ಯುದ್ಧ ಸಾರಿದೆ.

ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಒತ್ತಿ ನೋಡಿದೆ. (ಮರುಚಾಲನೆ ಮಾಡದೆ, ಬರೀ ಕಿಟಕಿ ತೆರೆದು, ಅಂಕಿಯನ್ನು ತಾಳೆ ನೋಡಿ.) ದೊಡ್ಡ ಸಾಹೇಬರ ಕೋಣೆ ಒತ್ತಿದರೆ ದೊಡ್ಡ ಸಾಹೇಬರ ಕೋಣೆಯೇ ತೆರೆಯುತ್ತದೆ. ಅಕೌಂಟ್ಸಿನಲ್ಲಿ ಚಿತ್ರದ ನಡುವೆ ಒತ್ತಿದರೆ ಸರಿ, ಅಂಚಿನಲ್ಲಿ ಒತ್ತಿದರೆ ಇಲ್ಲ. ಒಂದನೇ ಮಿಷನ್ ಒತ್ತಿದರೆ ಕ್ಯಾಂಟೀನ್ ತೆರೆಯುತ್ತದೆ. ಕ್ಯಾಂಟೀನ್ ಒತ್ತಿದರೆ ಗೇಟು. ಗೇಟು ಒತ್ತಿದರೆ ಏನೂ ಇಲ್ಲ, ಬರೀ ಗೋಡೆಗೆ ಒತ್ತಿದ ಹಾಗೆ. ಇದನ್ನು ನೋಡುತ್ತಿದ್ದ ಹಾಗೆ ನನಗೆ ನಮ್ಮಪ್ಪ ಮತ್ತು ದೊಡ್ಡಪ್ಪ ನೆನಪಾದರು. ಬೂದಿಗೆರೆಯಲ್ಲಿ ಇಬ್ಬರೂ ಹೊಲ ಭಾಗ ಮಾಡಿಕೊಳ್ಳುವಾಗ ಒಂದೇ ಮೂಲೆಗಲ್ಲಿನಿಂದ ಹೆಜ್ಜೆ ಹಾಕಿ ಅಳೆದರು. ದೊಡ್ಡಪ್ಪ ಉದ್ದ ಕಾಲಿನವರು, ನಮ್ಮಪ್ಪ ಗಿಡ್ಡ. ಮೂಲೆಗಲ್ಲಿನ ಹತ್ತಿರ ಇಬ್ಬರ ಅಳತೆಗೂ ವ್ಯತ್ಯಾಸವೇ ಕಾಣಲಿಲ್ಲ. ಮುಂದೆ ಮುಂದೆ ಹೋದಷ್ಟೂ ಒಬ್ಬರ ಅಳತೆಯಿಂದ ಇನ್ನೊಬ್ಬರದು ದೂರವಾಯಿತು. ಆ ಕೊನೆಯಲ್ಲಿದ್ದ ಹುಣಸೇಮರ ಇಬ್ಬರ ಲೆಕ್ಕದಲ್ಲೂ ತಮ್ಮದೇ ಆಯಿತು. ಆ ಮರದ ಹುಣಸೆಹಣ್ಣಿನ ಸಾರು ನಮ್ಮ ಎರಡೂ ಮನೆಗಳಲ್ಲಿ ಬಹಳ ಕಾಲ ಮಾತಿಲ್ಲದೆ ಕುದಿಯಿತು. ಇಲ್ಲೂ ಅದೇ ಆಗಿತ್ತು. ಚಿತ್ರವನ್ನು ಒಬ್ಬರ ಹೆಜ್ಜೆಯಲ್ಲಿ ಬಿಡಿಸಿದ್ದರು, ಒತ್ತುವ ಜಾಗವನ್ನು ಇನ್ನೊಬ್ಬರ ಹೆಜ್ಜೆಯಲ್ಲಿ ಅಳೆದಿದ್ದರು. ಎಡ ಮೇಲ್ಮೂಲೆಯಲ್ಲಿ ಎಲ್ಲ ಸರಿ, ಕೆಳಗೆ ಬಲಕ್ಕೆ ಬಂದಷ್ಟೂ ಹುಣಸೇಮರ.

ಇದನ್ನು ಬೆಂಗಳೂರಿನ ಕಂಪನಿಗೆ ಫೋನು ಮಾಡಿ ಹೇಳಿದೆ. ಎತ್ತಿದವರು ಬಹಳ ಮರ್ಯಾದಸ್ತರು. ಮರ್ಯಾದೆಯಿಂದಲೇ ನನ್ನನ್ನು ಕೊಂದರು. "ಸರ್, ಪೇಜ್ ರಿಫ್ರೆಶ್ ಮಾಡಿದ್ರಾ?" ಮಾಡಿದೆ. "ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ರಾ?" ನನ್ನ ವಿದ್ಯೆಯನ್ನು ನನಗೇ ಹೇಳಿಕೊಟ್ಟರು. "ಸರ್, ನೀವು ಮೌಸ್‌ನ ಸರಿಯಾಗಿ ಮಧ್ಯದಲ್ಲಿ ಇಟ್ಟು ಕ್ಲಿಕ್ ಮಾಡ್ತಿದ್ದೀರಾ?" ಈ ಪ್ರಶ್ನೆಗೆ ನನ್ನ ಮೈ ಉರಿದುಹೋಯಿತು. ತಲೆ ನರೆತ ಮನುಷ್ಯ ನಾನು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ನಡುವೆ ಯಾವುದು ಅಂಚು ಯಾವುದು ಎಂದು ಗೊತ್ತಿಲ್ಲವೇ? ಮನೆಗೆ ಬಂದು ಪುಷ್ಪಳ ಮುಂದೆ ಹಾರಾಡಿದೆ. ಅವಳು ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿ, "ಒಬ್ಬರನ್ನ ಕರೆಸಿ ಕಣ್ಣಾರೆ ತೋರಿಸ್ಬಾರ್ದಾ? ನನ್ನ ಮುಂದೆ ಕೂಗಿದ್ರೆ ಏನ್ ಬಂತು?" ಎಂದಳು.

ಕರೆಸಿದೆ. ಕಂಪನಿಯ ಎಂಜಿನಿಯರು ಮಧ್ಯಾಹ್ನದ ಹೊತ್ತಿಗೆ ಬೆವರುತ್ತಾ ಬಂದರು. ಬೆಳಿಗ್ಗೆಯೇ ಹೊರಟಿದ್ದರಂತೆ, ಫೋನಿನ ಮ್ಯಾಪು ನಂಬಿಕೊಂಡು ವಿಮಾನ ನಿಲ್ದಾಣದ ಹಿಂದಿನ ಬೇಲಿಗೆ ಹೋಗಿ ನಿಂತಿದ್ದರಂತೆ. ಇದು ನಮ್ಮ ಕಡೆ ದಿನಾ ನಡೆಯುವ ಸಂಗತಿ. ನೆತ್ತಿಯ ಮೇಲೆ ವಿಮಾನ ಇಳಿಯುವುದು ಕಾಣುತ್ತದೆ, ಫೋನು 'ತಲುಪಿದ್ದೀರಿ' ಎನ್ನುತ್ತದೆ, ಎದುರಿಗೆ ಮಾತ್ರ ತಂತಿಬೇಲಿ ಮತ್ತು ರಾಗಿ ಹೊಲ. ಪೆಟ್ಟಿಗೆ ಹಿಡಿದುಕೊಂಡು ಹೊಲದಲ್ಲಿ ನಿಂತ ಪ್ರಯಾಣಿಕರನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ತಾವೇ ಇಂಥ ಪೆಟ್ಟು ತಿಂದು ಬಂದ ಮನುಷ್ಯ, ನನ್ನ ನೋವು ಇವರಿಗೆ ಅರ್ಥವಾಗುತ್ತದೆ ಎಂದು ಆಸೆಪಟ್ಟೆ. ಅವರು ನನ್ನ ಕೋಣೆಗೆ ಬರಲೇ ಇಲ್ಲ. ನೇರವಾಗಿ ದೊಡ್ಡ ಸಾಹೇಬರ ಕೋಣೆಗೆ ಹೋದರು.

ಅಲ್ಲಿ ನಡೆದ ಅನ್ಯಾಯವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಕ್ಷೆ ಹಾಕಿದರು. "ಸರ್, ನೀವೇ ಕ್ಲಿಕ್ ಮಾಡಿ ನೋಡಿ. ಇದು ನಿಮ್ಮ ರೂಮು" ಎಂದು ಮೌಸನ್ನು ಸಾಹೇಬರ ಕೈಗೇ ಕೊಟ್ಟರು. ಸಾಹೇಬರು ಒತ್ತಿದರು. ಅವರ ಮೇಜಿನ ಮೇಲಿನ ಫೋನು ಆರಿತು, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿಕೊಂಡಿತು. ಸಾಹೇಬರಿಗೆ ತಾವೇ ಫೋನನ್ನು ಕಂಡುಹಿಡಿದಷ್ಟು ಸಂತೋಷ. ಅಕೌಂಟ್ಸಿನ ನಟ್ಟನಡುವೆ ಒತ್ತಿದರು, ಅದೂ ಸರಿ. "ನನಗೆ ಸರಿಯಾಗೇ ಬರ್ತಿದೆಯಲ್ಲ ನಾಗರಾಜ್, ನಿಮಗೆ ಯಾಕೆ ಬರಲ್ಲ?" ಎಂದರು. "ಸಾರ್, ಕೆಳಗೆ ಒತ್ತಿ ನೋಡಿ, ಕ್ಯಾಂಟೀನ್ ಒತ್ತಿ ಸಾರ್" ಎಂದು ಬೇಡಿಕೊಂಡೆ. "ನನಗ್ಯಾಕ್ರೀ ಕ್ಯಾಂಟೀನು?" ಎಂದು ಮೌಸ್ ಕೆಳಗಿಟ್ಟರು. ಎಂಜಿನಿಯರು ನನ್ನ ಕಡೆ ತಿರುಗಿ, ಮಕ್ಕಳಿಗೆ ಹೇಳುವ ಹಾಗೆ, "ಸ್ವಲ್ಪ ಪ್ರಾಕ್ಟೀಸ್ ಆದ್ರೆ ಬರುತ್ತೆ ಸರ್" ಎಂದರು. ನೋಡಿ, ಮೇಲಿನ ಮೂಲೆಯಲ್ಲಿ ಇರುವವರಿಗೆ ಲೋಕ ಯಾವತ್ತೂ ಒತ್ತಿದ ಕಡೆಯೇ ತೆರೆದುಕೊಳ್ಳುತ್ತದೆ. ಗೇಟಿನ ಹತ್ತಿರ, ಕ್ಯಾಂಟೀನಿನ ಹತ್ತಿರ ಏನು ತಪ್ಪುತ್ತಿದೆ ಎನ್ನುವುದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ಇದನ್ನು ಅಲ್ಲೇ ಹೇಳಬೇಕೆಂದು ಗಂಟಲವರೆಗೆ ಬಂದಿತ್ತು. "ಸರಿ ಸಾರ್" ಎಂದು ಹೇಳಿ ಹೊರಗೆ ಬಂದೆ. ನನ್ನ ಸಿಟ್ಟಿನ ಸ್ವಭಾವವೇ ಅಂಥದು, ಬಾಗಿಲು ದಾಟಿದ ಮೇಲೆ ಬಹಳ ಜೋರು.

ಇನ್ನೇನು ಮಾಡುವುದು? ಕೆಲಸ ನಡೆಯಬೇಕಲ್ಲ. ನಾನೇ ಓರೆಯಾಗಲು ಕಲಿತೆ. ಕ್ಯಾಂಟೀನ್ ಬೇಕಾದರೆ ಒಂದನೇ ಮಿಷನ್ ಒತ್ತುವುದು. ಗೇಟು ಬೇಕಾದರೆ ಕ್ಯಾಂಟೀನ್ ಒತ್ತುವುದು. ಏನು ಬೇಕಾದರೂ ಅದರಿಂದ ಸ್ವಲ್ಪ ಮೇಲಕ್ಕೆ, ಸ್ವಲ್ಪ ಎಡಕ್ಕೆ ಕೈ ಹೋಗಬೇಕು. ಮೊದಮೊದಲು ಯೋಚಿಸಿ ಮಾಡುತ್ತಿದ್ದೆ, ಆಮೇಲೆ ಯೋಚನೆ ಬೇಕಾಗಲಿಲ್ಲ. ತೊಂದರೆ ಏನೆಂದರೆ ಈ ವಿದ್ಯೆ ಆಫೀಸಿನ ಬಾಗಿಲಲ್ಲಿ ನಿಲ್ಲಲಿಲ್ಲ. ನನ್ನ ಮೊಬೈಲಿನಲ್ಲಿ ಪುಷ್ಪಳ ನಂಬರನ್ನು 'ಶ್ರೀಮತಿ' ಎಂದು ಹಾಕಿಕೊಂಡಿದ್ದೇನೆ. ಅದರ ನೆತ್ತಿಯ ಮೇಲೇ ಇರುವ ಹೆಸರು 'ಶ್ರೀಧರ್ ಎಚ್.ಆರ್.' ಒಂದು ಭಾನುವಾರ ದೊಡ್ಡಬಳ್ಳಾಪುರದ ಸಂತೆಬೀದಿಯಲ್ಲಿ ನಿಂತು, ಹಾಳಾದ ಅಭ್ಯಾಸಬಲದಿಂದ ಸ್ವಲ್ಪ ಮೇಲೆ ಒತ್ತಿ, "ಲೇ, ಇವತ್ತು ಏನ್ ಸಾರು ಮಾಡ್ತೀಯೇ? ಸೊಪ್ಪು ತರ್ಲಾ, ಬದನೆಕಾಯಿ ತರ್ಲಾ?" ಎಂದು ಕೇಳಿದೆ. ಆ ಕಡೆಯಿಂದ ಶ್ರೀಧರ್ ಅವರ ಧ್ವನಿ: "ನಾಗರಾಜ್, ನಮ್ಮನೇಲಿ ಇವತ್ತು ಪುಳಿಯೋಗರೆ. ಯಾಕೆ?"

ಆದರೆ ಆ ಫೋನಿನಿಂದ ಒಂದು ಒಳ್ಳೆಯದಾಯಿತು. ಮರುದಿನ ಕ್ಷಮೆ ಕೇಳಲು ಹೋದಾಗ ಶ್ರೀಧರ್ ನಗುತ್ತಿದ್ದರು. ನಗುವ ಮನುಷ್ಯನ ಹತ್ತಿರ ಏನಾದರೂ ಕೇಳಬಹುದು. ಪೂಜೆ ಹತ್ತಿರ ಬರುತ್ತಿತ್ತು. ಜಯಮ್ಮ ನನ್ನನ್ನು ನೋಡಿದಾಗಲೆಲ್ಲ ಬೈಯುತ್ತಿರಲಿಲ್ಲ, ಮುಖ ತಿರುಗಿಸುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ಕ್ಯಾಂಟೀನಿನ ಫೋಟೋಗಳ ಸಾಲಿನ ಪಕ್ಕದಲ್ಲಿ ಕೂತು ಊಟ ಮಾಡುವುದನ್ನು ಅವರು ಬಿಟ್ಟುಬಿಟ್ಟಿದ್ದರು. "ಶ್ರೀಧರ್ ಸಾರ್, ಒಂದೇ ಒಂದು ಸಲ ನನ್ನ ಕುರ್ಚಿಯಲ್ಲಿ ಕೂತ್ಕೊಳ್ಳಿ. ಕ್ಯಾಂಟೀನ್ ಪೆಟ್ಟಿಗೇನ ನಿಮ್ಮ ಕೈಯಿಂದ್ಲೇ ಮರುಚಾಲನೆ ಮಾಡಿ. ನಾನು ಮೌಸ್ ಮುಟ್ಟಲ್ಲ, ಕೈ ಕಟ್ಕೊಂಡು ನಿಂತಿರ್ತೀನಿ" ಎಂದೆ. ಅವರಿಗೂ ಕುತೂಹಲ ಬಂದಿತ್ತೋ ಏನೋ, ಬಂದರು, ಕೂತರು, ಕನ್ನಡಕ ಸರಿಮಾಡಿಕೊಂಡರು. ಕ್ಯಾಂಟೀನಿನ ಚಿತ್ರದ ನಡುಮಧ್ಯಕ್ಕೆ ಒತ್ತಿದರು. ಮರುಚಾಲನೆಯನ್ನೂ ಒತ್ತಿದರು. ಅದು ಎರಡನೇ ಪಾಳಿ ಬರುವ ಹೊತ್ತು. ನಾನು ಹೊತ್ತನ್ನು ಬೇಕೆಂದೇ ಆರಿಸಿದ್ದೆ ಎಂದು ಕೆಲವರು ಹೇಳುತ್ತಾರೆ, ಅಂಥವರ ಬಾಯಿ ಮುಚ್ಚಿಸಲು ಆಗುವುದಿಲ್ಲ.

ಗೇಟಿನ ಕಡೆಯಿಂದ ಗಲಾಟೆ ಎದ್ದಿತು. ಸೆಕ್ಯುರಿಟಿಯವನು ಫೋನು ಮಾಡಿ, "ಸಾರ್, ಹೆಬ್ಬೆಟ್ಟು ಯಂತ್ರ ಮತ್ತೆ ಹೋಯ್ತು!" ಎಂದು ಕೂಗಿದ. ಶ್ರೀಧರ್ ಮೌಸಿನಿಂದ ಕೈಯನ್ನು ಕೆಂಡ ಮುಟ್ಟಿದವರಂತೆ ಎಳೆದುಕೊಂಡರು. "ನಾಗರಾಜ್, ನಾನು ಕ್ಯಾಂಟೀನ್ ಮೇಲೇ ಒತ್ತಿದ್ದು!" ಎಂದರು. ಆ ವಾಕ್ಯ ನನ್ನ ಕಿವಿಗೆ ಎಷ್ಟು ಇಂಪಾಗಿ ಕೇಳಿಸಿತೆಂದರೆ ಇನ್ನೊಮ್ಮೆ ಹೇಳಿಸಬೇಕೆನ್ನಿಸಿತು. "ಏನಂದ್ರಿ ಸಾರ್?" ಎಂದು ಕೇಳಿಯೇಬಿಟ್ಟೆ. ಅವರು ಇನ್ನೊಮ್ಮೆ ಹೇಳಿದರು. ನಿಯಮದ ಮನುಷ್ಯನಲ್ಲಿ ಒಂದು ಒಳ್ಳೆಯ ಗುಣ ಇರುತ್ತದೆ, ತಪ್ಪು ತನ್ನ ಕೈಯಲ್ಲೇ ಆದರೆ ಅದಕ್ಕೂ ಒಂದು ನಿಯಮ ಹುಡುಕುತ್ತಾನೆ. ಅವತ್ತೇ ಜಯಮ್ಮನ ಗೈರು ಅಳಿಸಿ ಹಾಜರಿ ಎಂದಾಯಿತು, ಆ ದಿನದ ಮಿಕ್ಕವರದೂ ಆಯಿತು. ಶ್ರೀಧರ್ ಬೆಂಗಳೂರಿನ ಕಂಪನಿಗೆ ಫೋನು ಹಚ್ಚಿ, ನನ್ನ ಬಾಯಿಗೆ ಎಂದೂ ಬಾರದ ಇಂಗ್ಲಿಷಿನಲ್ಲಿ ಬೈದರು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಪೂಜೆಯ ಹಿಂದಿನ ದಿನ ಕಂಪನಿಯವರು ನಕ್ಷೆಯನ್ನು ಸರಿಮಾಡಿದರು. ನಾನೇ ಪರೀಕ್ಷೆ ಮಾಡಿದೆ. ಕ್ಯಾಂಟೀನ್ ಒತ್ತಿದರೆ ಕ್ಯಾಂಟೀನ್, ಗೇಟು ಒತ್ತಿದರೆ ಗೇಟು, ಒಂದನೇ ಮಿಷನ್ ಒತ್ತಿದರೆ ಒಂದನೇ ಮಿಷನ್. ಪರದೆಗೆ ಒಂದು ಹೂವು ಮುಡಿಸಿದೆ. ಸುದ್ದಿ ತಿಳಿದು ಜಯಮ್ಮ ಬಾಗಿಲಿಗೆ ಬಂದರು. ಈ ಸಲ ಮುಖ ತಿರುಗಿಸಲಿಲ್ಲ. "ನಾಗರಾಜಣ್ಣ, ನಾಳೆ ಹೊಸ ಸೀರೆ ಉಟ್ಕೊಂಡ್ ಬರ್ತೀನಿ. ನಮ್ಮೋರೂ ಬರ್ತಾರೆ ನೋಡಕ್ಕೆ" ಎಂದರು. ಗೆದ್ದೆ ಎನ್ನಿಸಿತು, ಸತ್ಯ ಗೆದ್ದಿತು ಎಂದೂ ಅನ್ನಿಸಿತು. ಮನೆಗೆ ಹೋಗಿ ಪುಷ್ಪಳಿಗೆ ಎಲ್ಲವನ್ನೂ ಹೇಳಿದೆ. "ಸದ್ಯ, ಇನ್ಮೇಲೆ ಮನೇಲಿ ಕೂಗಾಟ ಇರಲ್ಲ" ಎಂದಳು.

ಪೂಜೆಯ ದಿನ ಕಾರ್ಖಾನೆ ಕುಂಕುಮ, ಸೇವಂತಿಗೆ ಹೂವುಗಳಿಂದ ಗುರುತು ಸಿಗದಂತಾಗಿತ್ತು. ಬೂದುಗುಂಬಳಕಾಯಿ ಒಡೆದಾಯಿತು. ದೊಡ್ಡ ಸಾಹೇಬರು ಜಯಮ್ಮನಿಗೆ ಶಾಲು ಹೊದಿಸಿದರು. ಇನ್ನು ಹಸಿರು ಗುಂಡಿ ಒತ್ತುವುದು ಬಾಕಿ. ಅಷ್ಟರಲ್ಲಿ ಕ್ಯಾಂಟೀನಿನವರು ಓಡಿಬಂದು, ಟೋಕನ್ ಯಂತ್ರ ನಿಂತಿದೆ, ಹೋಳಿಗೆ ಊಟಕ್ಕೆ ಜನ ಸೇರಿಬಿಡುತ್ತಾರೆ, ಈಗಲೇ ಸರಿಮಾಡಿ ಎಂದರು. ಅದೇನು ದೊಡ್ಡ ಕೆಲಸ, ನಕ್ಷೆ ಈಗ ಸರಿಯಾಗಿದೆಯಲ್ಲ! ಪಕ್ಕದಲ್ಲೇ ಇದ್ದ ಕಂಪ್ಯೂಟರಿನಲ್ಲಿ ನಕ್ಷೆ ತೆರೆದೆ. ಕಣ್ಣು ಜಯಮ್ಮನ ಮೇಲಿತ್ತು. ಅವರು ಸೆರಗು ಸರಿಮಾಡಿಕೊಂಡು, ಗಂಡನ ಕಡೆ ಒಮ್ಮೆ ನೋಡಿ, ಬೆರಳು ಎತ್ತುತ್ತಿದ್ದರು. ಆ ಸಂಭ್ರಮದಲ್ಲಿ ನನ್ನ ಕೈ, ಯಾರನ್ನೂ ಕೇಳದೆ, ಕ್ಯಾಂಟೀನಿನಿಂದ ಸ್ವಲ್ಪ ಮೇಲಕ್ಕೆ, ಸ್ವಲ್ಪ ಎಡಕ್ಕೆ ಹೋಗಿ ಒಂದನೇ ಮಿಷನ್ ಒತ್ತಿತು. ಮರುಚಾಲನೆಯನ್ನೂ ಒತ್ತಿತು.

ಈಗಿನ ಮಿಷನ್ನುಗಳು ಗುಂಡಿ ಒತ್ತಿದ ಕೂಡಲೇ ಓಡುವುದಿಲ್ಲ. ಕೇಬಲ್ಲಿನ ಮೂಲಕ ಆಫೀಸಿನ ಕಂಪ್ಯೂಟರನ್ನು ಕೇಳಿ, ಅದು ಹೂಂ ಎಂದಮೇಲೆ ಓಡುತ್ತವೆ. ಜಯಮ್ಮ ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಷನ್ ಕದಲಲಿಲ್ಲ. ಚಪ್ಪಾಳೆ ಒಂದೊಂದಾಗಿ ನಿಂತಿತು. ಜಯಮ್ಮ ತಮ್ಮ ಬೆರಳನ್ನೇ ನೋಡಿಕೊಂಡರು. ಹಿಂದಿನಿಂದ ಯಾರೋ, "ಹೆಂಗಸರ ಕೈ ಆಗಿಬರಲ್ವೇನೋ" ಎಂದು ಗೊಣಗಿದರು. ಬಾಯಿ ತೆರೆದೆ, ನಾನೇ ಆರಿಸಿದ್ದು ಎಂದು ಹೇಳಲೆಂದೇ ತೆರೆದೆ. ಆದರೆ ನನಗಿಂತ ಮೊದಲು ಜಯಮ್ಮ ನನ್ನ ಮುಂದಿನ ಪರದೆಯನ್ನು ನೋಡಿಬಿಟ್ಟಿದ್ದರು. "ಯಾರ್ ಕೈಯಿಂದೂ ಅಲ್ಲ ಸುಮ್ನಿರ್ರೀ! ಮತ್ತೆ ಅದೇ ಹಾಳು ನಕ್ಷೆ! ನಾಗರಾಜಣ್ಣ ಕ್ಯಾಂಟೀನ್ ಒತ್ತಿದ್ರೆ ಅದು ನನ್ನ ಮಿಷನ್ ಆರಿಸ್ತು!" ಎಂದು ಗುಡುಗಿದರು. ಶ್ರೀಧರ್ ಮುಂದೆ ಬಂದು, "ಹೌದು ಸಾರ್, ನಾನೇ ಸಾಕ್ಷಿ. ನಾಗರಾಜ್ ತಪ್ಪೇನೂ ಇಲ್ಲ, ಆ ಕಂಪನಿಯವರು ನೆಟ್ಟಗೆ ಮಾಡಿಲ್ಲ" ಎಂದರು. ದೊಡ್ಡ ಸಾಹೇಬರು ನನ್ನ ಬೆನ್ನು ತಟ್ಟಿ, "ನೀವು ಅವತ್ತೇ ಹೇಳಿದ್ರಿ ನಾಗರಾಜ್, ನಾನು ಕೇಳ್ಲಿಲ್ಲ" ಎಂದರು. ಅಷ್ಟು ತಿಂಗಳು ನಿಜ ಹೇಳಿದಾಗ ಸಿಗದ ನಂಬಿಕೆ ಬಾಯಿ ತೆರೆಯುವ ಮೊದಲೇ ಸಿಕ್ಕಿಬಿಟ್ಟಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಪೆಟ್ಟಿಗೆ ಹತ್ತಿಕೊಂಡಿತು. ಜಯಮ್ಮ ಇನ್ನೊಮ್ಮೆ ಒತ್ತಿದರು, ಒಂದನೇ ಮಿಷನ್ ಗಡಗಡನೆ ಓಡಿತು, ಮುಚ್ಚಳಗಳು ಉದುರಿದವು. ಆಮೇಲಿನ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಈಗ ಅವರ ಫೋಟೋ ಗೋಡೆಯ ಮೇಲಿದೆ. ಫೋಟೋದ ಅಂಚಿನಲ್ಲಿ ನನ್ನ ಮೊಣಕೈಯೂ ಬಂದಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದೊಡ್ಡ ಸಾಹೇಬರು ಸ್ವತಃ ಫೋನು ಮಾಡಿ ಬೆಂಗಳೂರಿನ ಕಂಪನಿಯವರನ್ನು ತರಾಟೆಗೆ ತೆಗೆದುಕೊಂಡರು. ಅವರು ನಡುಗಿಹೋಗಿ, ತಾವು ಮಾಡಿದ ತಿದ್ದುಪಡಿಯೇ ತಪ್ಪಿರಬೇಕೆಂದು ತಿಳಿದು, ಹಬ್ಬ ಕಳೆಯುವಷ್ಟರಲ್ಲಿ ನಕ್ಷೆಯನ್ನು ಮೊದಲಿದ್ದ ಹಾಗೆಯೇ ಮಾಡಿಕೊಟ್ಟರು. ನನ್ನನ್ನು ಕರೆದು, "ಈಗ ಸರಿಯಾಗಿದ್ಯಾ ಸರ್?" ಎಂದು ಬಹಳ ಭಯಭಕ್ತಿಯಿಂದ ಕೇಳಿದರು. ನಾನು ಒಂದನೇ ಮಿಷನ್ ಒತ್ತಿದೆ, ಕ್ಯಾಂಟೀನ್ ತೆರೆಯಿತು. ಕ್ಯಾಂಟೀನ್ ಒತ್ತಿದೆ, ಗೇಟು ತೆರೆಯಿತು. ಗೇಟು ಒತ್ತಿದೆ, ಏನೂ ಇಲ್ಲ. ಕೂಗಾಡಬೇಕೆಂದು ಉಸಿರು ಎಳೆದುಕೊಂಡೆ. ಆಮೇಲೆ ನನ್ನ ಬಲಗೈ ನೋಡಿಕೊಂಡು, "ಈಗ ಸರಿಯಾಗಿದೆ" ಎಂದೆ.